ಕಾಗದದ ಮೇಲಿನ ಸಂಗೀತ ಸತ್ತದ್ದೆ?

ಈಚೆಗೆ ಉಡುಪಿಯಲ್ಲಿ ನಡೆದ ಒಂದು ಸಭೆಯಲ್ಲಿ, ಬಲ್ಲವರೆಂದು ನಾಲ್ಕು ಜನ ಗೌರವಿಸುವ ಮಹನೀಯರೊಬ್ಬರು, "ಸಂಗೀತವೆಂಬುದು ಕಿವಿಯ ವಿದ್ಯೆ, ಅದನ್ನು ಕಾಗದಕ್ಕೆ ಇಳಿಸಿದರೆ ಉಳಿಯುವುದು ಅದರ ಹೆಣ" ಎಂದು ಅಪ್ಪಣೆ ಕೊಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ತಟ್ಟಲಿಲ್ಲ. ಅವರು ಆಡಿದ ಮಾತು ಕೇಳುವುದಕ್ಕೆ ಚೆನ್ನಾಗಿದೆ. ಕೇಳಲು ಚೆನ್ನಾಗಿರುವ ಮಾತೆಲ್ಲ ನಿಜವಾಗಬೇಕೆಂದಿಲ್ಲ. ಈ ಒಂದು ಮಾತಿನ ಮರೆಯಲ್ಲಿ ನಾವು ಕರಾವಳಿಯವರು ಎಷ್ಟು ಸೋಮಾರಿತನವನ್ನು ಅಡಗಿಸಿಟ್ಟಿದ್ದೇವೆ, ಅದರಿಂದ ಏನನ್ನು ಕಳೆದುಕೊಂಡಿದ್ದೇವೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಸಂಗೀತಗಾರನಲ್ಲ. ಕಾಪುವಿನ ಕಡೆಯ ಒಂದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಹರೆಯದಲ್ಲಿ, ನಮ್ಮೂರಿನ ಎಷ್ಟೋ ಹುಡುಗರಂತೆ, ಬೊಂಬಾಯಿಗೆ ಹೋಗಿ ಹಗಲು ಹೊಟೇಲಿನ ಗಲ್ಲಾದಲ್ಲಿ ಕುಳಿತು, ಸಂಜೆ ಕೋಟೆಯ ಕನ್ನಡ ರಾತ್ರಿಶಾಲೆಯಲ್ಲಿ ಓದಿದೆ. ಆಗೊಂದು ದಿನ ಫ್ಲೋರಾ ಫೌಂಟನಿನ ಹತ್ತಿರ, ಕಾಲುದಾರಿಯ ಮೇಲೆ ಹಳೆ ಪುಸ್ತಕ ಹರಡಿಕೊಂಡು ಕೂತವನ ಬಳಿ, ದಪ್ಪ ರಟ್ಟಿನ ಒಂದು ಪುಸ್ತಕ ಕಂಡಿತು. ಒಳಗೆ ಅಕ್ಷರವೇ ಇಲ್ಲ. ಪುಟ ತುಂಬ ಗೆರೆ, ಗೆರೆಯ ಮೇಲೆ ಇರುವೆಗಳ ಸಾಲು. ಲೆಕ್ಕದ ಪುಸ್ತಕದಂತೆ ತೋರಿದ್ದರಿಂದ ಎರಡು ರೂಪಾಯಿ ಕೊಟ್ಟು ತಂದೆ. ಅದು ಚೈಕೋವ್‌ಸ್ಕಿಯ ಆರನೆಯ ಸಿಂಫನಿಯ ಪೂರ್ಣ ಸ್ಕೋರು. ಎಂದರೆ, ವಾದ್ಯವೃಂದದ ಪ್ರತಿಯೊಂದು ವಾದ್ಯವೂ ಪ್ರತಿಯೊಂದು ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ಒಂದರ ಕೆಳಗೊಂದು ಸಾಲಿನಲ್ಲಿ ಬರೆದ ಗ್ರಂಥ.

ಹತ್ತು ವರ್ಷ ಅದು ನನ್ನ ಟ್ರಂಕಿನಲ್ಲಿ ಮಲಗಿತ್ತು. ಊರಿಗೆ ಬಂದು ಮಾಸ್ತರಿಕೆಗೆ ಸೇರಿದ ಮೇಲೆ, ಒಂದು ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಜಾತ್ರೆಗೆ ಹೋಗಿದ್ದೆ. ಅಲ್ಲಿ ಬ್ಯಾಂಡ್ ನುಡಿಸುತ್ತಿದ್ದ ವಯಸ್ಸಾದ ಪರ್ಬುಗಳೊಬ್ಬರು ಬಿಡುವಿನಲ್ಲಿ ಒಂದು ಹಾಳೆಯನ್ನು ಮೊಣಕಾಲ ಮೇಲಿಟ್ಟು ನೋಡುತ್ತಿದ್ದರು. ಅದೇ ಇರುವೆ ಸಾಲು!

"ಇದನ್ನು ಓದಲಿಕ್ಕೆ ಬರುತ್ತದಾ ಪರ್ಬುಗಳೆ?" ಎಂದೆ.

"ಬಾರದೆ ಎಂತ ಮಾಷ್ಟ್ರೆ? ನನ್ನ ಅಪ್ಪನಿಗೆ ಶಾಲೆಯ ಅಕ್ಷರ ಬರುತ್ತಿರಲಿಲ್ಲ, ಇದು ಬರುತ್ತಿತ್ತು. ಆದಿತ್ಯವಾರ ಬನ್ನಿ, ತೋರಿಸಿಕೊಡುವ" ಎಂದರು.

ಎರಡು ವರ್ಷ ಆದಿತ್ಯವಾರ ಆದಿತ್ಯವಾರ ಕಾರ್ಕಳದ ಬಸ್ಸು ಹಿಡಿದೆ. ಗೆರೆಗಳ ಲೆಕ್ಕ ನನಗೆ ಬೇಗ ಹಿಡಿಯಿತು. ತೊಡಕಾದದ್ದು ಶ್ರುತಿ. ಯಕ್ಷಗಾನದ ಭಾಗವತರು 'ಬಿಳಿ ನಾಲ್ಕು, ಕಪ್ಪು ಎರಡು' ಎಂದು ತಮ್ಮ ತಮ್ಮ ಷಡ್ಜವನ್ನು ಹೇಳುವಂತೆ, ಅಲ್ಲಿಯೂ ಕೆಲವು ವಾದ್ಯಗಳಿಗೆ ಅವುಗಳದೇ ಷಡ್ಜವುಂಟು. ಒಂದು ಬಗೆಯ ಕ್ಲಾರಿನೆಟ್ಟಿಗೆ 'ಸ' ಎಂದು ಬರೆದಿದ್ದರೆ ಕೇಳಿಸುವುದು ಕೆಳಗಿನ ಕೈಶಿಕಿ ನಿಷಾದ. ಫ್ರೆಂಚ್ ಹಾರ್ನ್ ಎಂಬ ಕೊಂಬಿಗೆ 'ಸ' ಎಂದು ಬರೆದಿದ್ದರೆ ಸಾಮಾನ್ಯವಾಗಿ ಕೇಳಿಸುವುದು ಕೆಳಗಿನ ಮಧ್ಯಮ. ಎಲ್ಲಕ್ಕಿಂತ ದೊಡ್ಡ ಪಿಟೀಲು ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಇದನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿ ಕಳೆದು, ಇಪ್ಪತ್ತು ಸಾಲನ್ನು ಒಟ್ಟಿಗೆ ನೋಡಿ, ಕಿವಿಗೆ ಬೀಳದ ಧ್ವನಿಯನ್ನು ಒಳಗೆ ಕೇಳಿಸಿಕೊಳ್ಳಬೇಕು. ಕಷ್ಟದ ಕೆಲಸವೆ. ಆದರೆ ಹೆಣವನ್ನು ನೋಡುವ ಕೆಲಸವಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಆ ಆರನೆಯ ಸಿಂಫನಿ 1893ರ ಅಕ್ಟೋಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲ ಸಲ ನುಡಿಯಿತು. ಒಂಬತ್ತೇ ದಿನಕ್ಕೆ ಅದರ ಕರ್ತೃ ತೀರಿಕೊಂಡ. ಅದರ ಕೊನೆಯ ಭಾಗದ ಆರಂಭದಲ್ಲಿ ಪಿಟೀಲುಗಳು ದುಃಖದ ಒಂದು ಅವರೋಹಣವನ್ನು ನುಡಿಯುತ್ತವೆ. ಕೇಳಿದವರಿಗೆ ಅದು ಒಬ್ಬನ ಒಂದೇ ನಿಟ್ಟುಸಿರು. ಸ್ಕೋರನ್ನು ತೆರೆದು ನೋಡಿದರೆ ಆ ರಾಗವನ್ನು ಅಲ್ಲಿ ಯಾರೂ ನುಡಿಸುತ್ತಿಲ್ಲ! ಒಂದು ಸ್ವರ ಮೊದಲನೆಯ ಪಿಟೀಲುಗಳದ್ದು, ಮುಂದಿನದು ಎರಡನೆಯವುಗಳದ್ದು. ಎರಡು ತುಂಡು ಸಾಲುಗಳು ಹೆಣೆದುಕೊಂಡು ಮೂರನೆಯದೊಂದು ಹುಟ್ಟುತ್ತದೆ. ಮುಂದೆ ಅದೇ ರಾಗ ತಿರುಗಿ ಬಂದಾಗ ಮೊದಲನೆಯ ಪಿಟೀಲುಗಳು ಅದನ್ನು ಇಡಿಯಾಗಿ ನುಡಿಸುತ್ತವೆ. ಚೈಕೋವ್‌ಸ್ಕಿ ಒಡೆದು ಬರೆದದ್ದನ್ನು ಆಮೇಲೆ ಕೂಡಿಸಿ ಬರೆದ. ಏಕೆ ಎಂಬುದನ್ನು ಚರ್ಚಿಸಬಹುದು. ಆದರೆ ಹಾಗೆ ಮಾಡಿದ್ದಾನೆಂಬುದು ಬರಿಯ ಕಿವಿಗೆ ಎಂದೂ ತಿಳಿಯದು. ಬ್ರಾಹ್ಮ್ಸನ ನಾಲ್ಕನೆಯ ಸಿಂಫನಿಯಲ್ಲಿ (1885) ಟ್ರೊಂಬೋನುಗಳು ಮೊದಲ ಮೂರು ಭಾಗಗಳಲ್ಲಿ ಒಂದು ಸ್ವರವನ್ನೂ ನುಡಿಯುವುದಿಲ್ಲ. ಕೊನೆಯ ಭಾಗದ ಬಾಗಿಲಲ್ಲಿ ಎದ್ದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಎಂಟು ಅಳತೆಗಳ ಒಂದು ಆವರ್ತ ಮೂವತ್ತು ಬಾರಿ ಬಣ್ಣ ಬದಲಿಸುತ್ತ ಸುತ್ತುತ್ತದೆ. ಕೇಳುವವನಿಗೆ ಅದೊಂದು ಪ್ರವಾಹ. ಓದುವವನಿಗೆ ಮಾತ್ರ ಅದು ಲೆಕ್ಕವೂ ಹೌದು, ಪ್ರವಾಹವೂ ಹೌದು.

ಇನ್ನು ಹೆಣದ ಮಾತು. ಮಾಹ್ಲರನ ಒಂಬತ್ತನೆಯ ಸಿಂಫನಿ ಮೊದಲು ನುಡಿದದ್ದು 1912ರ ಜೂನಿನಲ್ಲಿ, ವಿಯೆನ್ನಾದಲ್ಲಿ. ಮಾಹ್ಲರ್ ಸತ್ತದ್ದು 1911ರ ಮೇ ತಿಂಗಳಲ್ಲಿ. ಬ್ರೂಕ್ನರನ ಐದನೆಯದು 1894ರಲ್ಲಿ ಗ್ರಾಟ್ಸ್ ಎಂಬ ಊರಿನಲ್ಲಿ ನುಡಿದಾಗ ಅವನು ಕಾಯಿಲೆಯಿಂದ ಹೋಗಲಾರದಾದ. ವಾದ್ಯವೃಂದದಲ್ಲಿ ಅದನ್ನು ಅವನು ಕೇಳಲೇ ಇಲ್ಲ. ರಿಚರ್ಡ್ ಸ್ಟ್ರೌಸ್ ತನ್ನ ಕೊನೆಯ ನಾಲ್ಕು ವೃಂದಗೀತಗಳನ್ನು 1948ರಲ್ಲಿ ಬರೆದು 1949ರಲ್ಲಿ ತೀರಿಕೊಂಡ. ಅವುಗಳ ಮೊದಲ ಗಾಯನ 1950ರ ಮೇ 22ರಂದು ಲಂಡನ್ನಿನಲ್ಲಿ. ಈ ಮೂವರಿಗೂ ತಮ್ಮ ಆ ಕೃತಿಗಳು ದೊರೆತದ್ದು ವಾದ್ಯವೃಂದದ ಧ್ವನಿಯಾಗಿ ಅಲ್ಲ, ಕಾಗದದ ಮೇಲಿನ ಬರಹವಾಗಿ. ಸಭೆಯ ಮಹನೀಯರ ಮಾತು ನಿಜವಾದರೆ, ಮಾಹ್ಲರ್ ಹೆಣವನ್ನು ಹೆತ್ತು, ಅವನು ಸತ್ತ ಮೇಲೆ ಬೇರೆಯವರು ಅದಕ್ಕೆ ಜೀವ ಕೊಟ್ಟರೆಂದು ಹೇಳಬೇಕಾದೀತು. ಹಾಗೆ ಹೇಳುವ ಧೈರ್ಯ ಅವರಿಗೆ ಇದೆಯೆ?

ಲಂಡನ್ನಿನ ಆ ರಾತ್ರಿಯ ಹಿಂದೆ ಒಬ್ಬ ಕನ್ನಡ ದೊರೆ ಇದ್ದರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮೈಸೂರಿನ ಜಯಚಾಮರಾಜ ಒಡೆಯರು ಆ ಕಛೇರಿಗೆ ಹಣದ ಭರವಸೆ ಕೊಟ್ಟು, ಗಾಯನವನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂದು ಏರ್ಪಾಡು ಮಾಡಿದ್ದರು. ಫಿಲ್‌ಹಾರ್ಮೋನಿಯಾ ಸಂಗೀತ ಸಂಸ್ಥೆಯ ಮೊದಲ ಅಧ್ಯಕ್ಷರು ಅವರೇ. ರಷ್ಯದ ಮೆಟ್ನರನ ಕೃತಿಗಳನ್ನು ಅವರು ತಮ್ಮ ಖರ್ಚಿನಿಂದ ಮುದ್ರಿಸಿದರು. ಅವನ ಮೂರನೆಯ ಪಿಯಾನೋ ಕಂಚೆರ್ಟೊ ಅವರಿಗೇ ಅರ್ಪಿತವಾಗಿದೆ. ಅದೇ ಒಡೆಯರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಒಂದರಿಂದ ಇನ್ನೊಂದು ಮೈಲಿಗೆಯಾಯಿತೆಂದು ಯಾರೂ ಹೇಳಿದ್ದಿಲ್ಲ.

"ಅದು ನಮ್ಮದಲ್ಲ" ಎಂಬುದು ಇನ್ನೊಂದು ಆಕ್ಷೇಪ. ಹಾಗಾದರೆ ನಮ್ಮದು ಯಾವುದು? ಪಿಟೀಲು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಲಸ್ವಾಮಿ ದೀಕ್ಷಿತರ ಕೈಯಿಂದ ನಮ್ಮ ಸಂಗೀತಕ್ಕೆ ಬಂದದ್ದು. ಸಾಕ್ಸೋಫೋನ್ ಬೆಲ್ಜಿಯಮಿನವನೊಬ್ಬ 1846ರಲ್ಲಿ ಹಕ್ಕು ಪಡೆದ ವಾದ್ಯ; ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು (1949–2019) ಅದರಲ್ಲಿ ತ್ಯಾಗರಾಜರನ್ನು ನುಡಿಸಿದರು. ಇಂದು ತುಳುನಾಡಿನ ದೇವಸ್ಥಾನದ ಉತ್ಸವದಲ್ಲಿ, ಭೂತದ ಕೋಲದಲ್ಲಿ ಸಾಕ್ಸೋಫೋನ್ ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ವಾದ್ಯ ಬರಬಹುದು, ವಾದ್ಯದೊಡನೆ ಬಂದ ಬರಹ ಮಾತ್ರ ಬರಬಾರದೆಂದರೆ, ಅದು ಎತ್ತನ್ನು ಕೊಂಡು ನೊಗವನ್ನು ಬಿಟ್ಟು ಬಂದಂತೆ.

ಬರಹವೂ ಬಂದಿತ್ತು. ಚೈಕೋವ್‌ಸ್ಕಿಯ ಆ ಸಿಂಫನಿ ನುಡಿದ 1893ರಲ್ಲೇ ಮದರಾಸಿನಲ್ಲಿ ಎ. ಎಂ. ಚಿನ್ನಸ್ವಾಮಿ ಮುದಲಿಯಾರರು ಕರ್ನಾಟಕ ಸಂಗೀತದ ಕೃತಿಗಳನ್ನು ಐದು ಗೆರೆಗಳ ಪಾಶ್ಚಾತ್ಯ ಲಿಪಿಯಲ್ಲಿ ಅಚ್ಚು ಹಾಕಿದರು. ಅವರ ಒತ್ತಾಸೆಯೂ ಸೇರಿ, ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ಎಟ್ಟಯಾಪುರದಲ್ಲಿ ಗಮಕದ ಗುರುತುಗಳ ಸಮೇತ ಹೊರಬಂತು. ಇಂದು ಮುತ್ತುಸ್ವಾಮಿ ದೀಕ್ಷಿತರ ಕೃತಿಯ ಪಾಠದ ಬಗ್ಗೆ ವಾದ ಹುಟ್ಟಿದರೆ ವಿದ್ವಾಂಸರು ಓಡುವುದು ಆ ಪುಸ್ತಕಕ್ಕೇ. ಹೆಣವನ್ನು ಸಾಕ್ಷಿಗೆ ಕರೆಯುವವರುಂಟೆ?

ಇಷ್ಟು ಹೇಳಿದ ಮೇಲೆ ಇನ್ನೊಂದು ಗುಂಪಿನವರಿಗೂ ನಾಲ್ಕು ಮಾತು ಸಲ್ಲಬೇಕು. ನಮ್ಮಲ್ಲಿ ಪಾಶ್ಚಾತ್ಯ ಸಂಗೀತವನ್ನು ಕೇಳುತ್ತೇವೆಂದು ಹೇಳಿಕೊಳ್ಳುವವರಿದ್ದಾರೆ. ಲಕ್ಷ ರೂಪಾಯಿಯ ಧ್ವನಿಪೆಟ್ಟಿಗೆ, ಗೋಡೆಯ ತುಂಬ ತಟ್ಟೆಗಳು. ಮಾಹ್ಲರನ ಹೆಸರನ್ನು ಉಚ್ಚರಿಸುವಾಗ ಅವರ ಮುಖದಲ್ಲಿ ಬರುವ ಗಾಂಭೀರ್ಯ ಅಷ್ಟಿಷ್ಟಲ್ಲ. "ಆ ಜಾಗದಲ್ಲಿ ವಯೋಲಾಗಳು ಏನು ಮಾಡುತ್ತವೆ?" ಎಂದು ಕೇಳಿದರೆ ಮಾತ್ರ ಕಾಫಿ ತರಲು ಒಳಗೆ ಹೋಗುತ್ತಾರೆ. ಪುಸ್ತಕದ ಬೆಲೆ ಹೆಚ್ಚೆಂಬ ನೆಪ ಒಂದು ಕಾಲದಲ್ಲಿತ್ತು. ಇಂದು ಬ್ರಾಹ್ಮ್ಸ್, ಬ್ರೂಕ್ನರ್, ಚೈಕೋವ್‌ಸ್ಕಿ, ಮಾಹ್ಲರ್ ಇವರ ಹಳೆಯ ಮುದ್ರಣಗಳೆಲ್ಲ ಹಕ್ಕಿನ ಅವಧಿ ಮುಗಿದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ದೊರೆಯದಿರುವುದು ಓದುವ ಮನಸ್ಸು.

ಆದರೆ ನನ್ನ ಜಗಳ ಮಾಹ್ಲರನಿಗಾಗಿ ಅಲ್ಲ. ಮಾಹ್ಲರನನ್ನು ಕಾಯುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ನನ್ನ ಜಗಳ ನಮ್ಮ ಹಿಮ್ಮೇಳಕ್ಕಾಗಿ.

ಯಕ್ಷಗಾನದ ಒಂದು ಪ್ರಸಂಗದ ಪುಸ್ತಕವನ್ನು ತೆಗೆದು ನೋಡಿರಿ. ಪದ್ಯದ ತಲೆಯ ಮೇಲೆ 'ಸೌರಾಷ್ಟ್ರ, ತ್ರಿವುಡೆ' ಎಂದೋ 'ಭೈರವಿ, ಝಂಪೆ' ಎಂದೋ ಎರಡು ಮಾತು ಇರುತ್ತದೆ. ಕೆಳಗೆ ಸಾಹಿತ್ಯ. ಮುಗಿಯಿತು. ಆ ಭೈರವಿ ಯಕ್ಷಗಾನದಲ್ಲಿ ಹೇಗೆ ನಡೆಯುತ್ತದೆ, ಭಾಗವತರು ಎಲ್ಲಿ ಎತ್ತಿಕೊಳ್ಳುತ್ತಾರೆ, ಮದ್ದಳೆ ಎಲ್ಲಿ ತುಂಬುತ್ತದೆ, ಚಂಡೆ ಎಷ್ಟು ಹೊತ್ತು ಸುಮ್ಮನಿದ್ದು ಯಾವಾಗ ಏಳುತ್ತದೆ, ಆಗ ವೇಷಧಾರಿಯ ಹೆಜ್ಜೆ ಎಲ್ಲಿರುತ್ತದೆ, ಇದೊಂದೂ ಅಲ್ಲಿಲ್ಲ. ಶಿವರಾಮ ಕಾರಂತರು ತಮ್ಮ 'ಯಕ್ಷಗಾನ ಬಯಲಾಟ'ವನ್ನು 1957ರಲ್ಲಿ ಪ್ರಕಟಿಸಿದರು. 1959ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಪಿಟೀಲು, ಸಾಕ್ಸೋಫೋನುಗಳನ್ನು ತಮ್ಮ ಪ್ರಯೋಗಗಳಿಗೆ ಕರೆತಂದವರೂ ಅವರೇ. ಉಡುಪಿಯಲ್ಲಿ 1971ರಿಂದ ಯಕ್ಷಗಾನ ಕೇಂದ್ರ ಪಾಠ ಹೇಳುತ್ತ ಬಂದಿದೆ. ತಾಳದ ಬಾಯಿಪಾಠಗಳನ್ನು ಬರೆದಿಟ್ಟವರೂ ಇದ್ದಾರೆ, ಅವರಿಗೆಲ್ಲ ನಮಸ್ಕಾರ. ಆದರೆ ಭಾಗವತಿಕೆ, ಮದ್ದಳೆ, ಚಂಡೆ, ಹೆಜ್ಜೆ ನಾಲ್ಕೂ ಒಂದರ ಕೆಳಗೊಂದು ಸಾಲಾಗಿ, ಒಂದು ಪ್ರಸಂಗದ ಆರಂಭದಿಂದ ಮಂಗಳದವರೆಗೆ ಬರೆದ ಪುಸ್ತಕವನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ.

"ಧ್ವನಿಮುದ್ರಣ ಇದೆಯಲ್ಲ" ಎನ್ನುತ್ತಾರೆ. ನಾನೂ ಹಾಗೆಂದೇ ತಿಳಿದು ಕೆಟ್ಟವನು. ನಮ್ಮ ಕಡೆ ಒಬ್ಬರು ಹಳೆಯ ಭಾಗವತರಿದ್ದರು. ಅವರ ಮನೆಯ ಜಗಲಿಯಲ್ಲಿ ನಾನು ಚೈಕೋವ್‌ಸ್ಕಿಯ ಪುಸ್ತಕ ತೆರೆದು, ಯಾರೂ ನುಡಿಸದ ಆ ರಾಗವನ್ನು ತೋರಿಸಿದ್ದೆ. ಅವರು ಬೆರಳಿನಿಂದ ಎರಡು ಸಾಲುಗಳನ್ನೂ ಸವರಿ, "ಇದು ನಮ್ಮಲ್ಲಿ ಉಂಟಲ್ಲ ಮಾಷ್ಟ್ರೆ. ನಾನು ಬಿಟ್ಟದ್ದನ್ನು ಮದ್ದಳೆಯವ ಹೇಳುತ್ತಾನೆ, ಅವ ಬಿಟ್ಟದ್ದನ್ನು ನಾನು. ಇಬ್ಬರೂ ಹೇಳದ್ದನ್ನು ಜನ ಕೇಳುತ್ತಾರೆ. ನೀವು ನಮ್ಮದನ್ನೂ ಹೀಗೆ ಬರೆಯಿರಿ" ಎಂದರು. ಬರೆಯುತ್ತೇನೆ ಎಂದೆ. ಪರೀಕ್ಷೆಯ ಪೇಪರು ತಿದ್ದುವುದಿತ್ತು, ಮಗಳ ಮದುವೆ ಇತ್ತು. ಹೇಗೂ ಕ್ಯಾಸೆಟ್ಟಿನಲ್ಲಿ ಇದೆಯಲ್ಲ ಎಂಬ ಧೈರ್ಯವೂ ಇತ್ತು. ಅವರು ತೀರಿಹೋದರು. ಮರುವರ್ಷ ಮದ್ದಳೆಯವರೂ ಹೋದರು.

ಆ ಮೇಲೆ ಕ್ಯಾಸೆಟ್ಟು ಹಾಕಿ ಬರೆಯಲು ಕುಳಿತೆ. ಧ್ವನಿವರ್ಧಕದ ಬಾಯಿ ಭಾಗವತರ ಮುಂದಿತ್ತು. ಅವರ ಹಾಡು ಸ್ಪಷ್ಟವಾಗಿದೆ. ಅದರ ಅಡಿಯಲ್ಲಿ ಮದ್ದಳೆ ಬರಿಯ ಗುಡುಗುಡು. ಚಂಡೆ ಎದ್ದೊಡನೆ ಅದೂ ಇಲ್ಲ. 'ಅವ ಬಿಟ್ಟದ್ದು' ಉಳಿದಿದೆ, 'ಅವ ಹೇಳಿದ್ದು' ಹೋಗಿದೆ. ಧ್ವನಿಮುದ್ರಣ ಒಂದು ರಾತ್ರಿಯ ಫಲವನ್ನು ಒಟ್ಟುಮಾಡಿ ಕೊಡುತ್ತದೆ. ಯಾವುದು ಯಾರಿಂದ ಬಂತೆಂದು ಬಿಡಿಸಿ ಹೇಳುವುದಿಲ್ಲ. ಬಿಡಿಸಿ ಹೇಳುವುದು ಬರಹ. ಕೇಳಿ ಕೇಳಿ ಹಿಡಿಯಬಲ್ಲ ಶಿಷ್ಯನಿಗೆ ಗುರುವಿನ ಮಗ್ಗುಲು ಸಾಕೆಂಬುದು ಸರಿಯೆ. ಗುರುವಿನ ಮಗ್ಗುಲು ಬರಿದಾದ ಮೇಲೆ ಏನೆಂಬುದೇ ಪ್ರಶ್ನೆ.

ಎದುರು ಪಕ್ಷದವರಲ್ಲಿ ಒಂದು ಒಳ್ಳೆಯ ವಾದವಿದೆ. ಅದನ್ನು ಮುಚ್ಚಿಟ್ಟರೆ ನಾನು ಅಪ್ರಾಮಾಣಿಕನಾದೇನು. ಬರೆದಿಟ್ಟರೆ ಒಂದೇ ಪಾಠ ಶಾಸ್ತ್ರವಾಗಿ ಕೂರುತ್ತದೆ. ಬಡಗು, ತೆಂಕು ಎಂಬ ತಿಟ್ಟುಗಳ ಭೇದ, ಒಬ್ಬೊಬ್ಬ ಭಾಗವತರ ಮನೋಧರ್ಮ, ಎಲ್ಲ ಸಾಯುತ್ತವೆ ಎಂದು ಅವರ ಭಯ. ಇದಕ್ಕೆ ಬ್ರೂಕ್ನರನೇ ಉತ್ತರ. ಅವನು ತನ್ನ ಎಂಟನೆಯ ಸಿಂಫನಿಯನ್ನು 1887ರಲ್ಲಿ ಮುಗಿಸಿ, ತಾನು ನಂಬಿದ್ದ ಹರ್ಮನ್ ಲೆವಿಗೆ ಕಳುಹಿಸಿದ. ಲೆವಿ ಒಪ್ಪಲಿಲ್ಲ. ನೊಂದುಕೊಂಡು ಇಡಿಯದನ್ನೂ ತಿದ್ದಿ 1890ರಲ್ಲಿ ಬೇರೆ ಪಾಠ ಮಾಡಿದ. 1892ರಲ್ಲಿ ಅದು ವಿಯೆನ್ನಾದಲ್ಲಿ ನುಡಿಯಿತು. ಮೊದಲಿನ ಪಾಠ ಅಚ್ಚಾದದ್ದು 1972ರಲ್ಲಿ! ಎಂಬತ್ತೈದು ವರ್ಷ ಮೂಲೆಯಲ್ಲಿದ್ದ ಪಾಠವನ್ನು ಇಂದು ನುಡಿಸುತ್ತಾರೆ. ಮಾಹ್ಲರ್ ತನ್ನ ಐದನೆಯದನ್ನು 1904ರಲ್ಲಿ ನುಡಿಸಿದ ಮೇಲೂ 1911ರವರೆಗೆ ತಿದ್ದುತ್ತಲೇ ಹೋದ. ಬರಹ ಭೇದವನ್ನು ಕೊಲ್ಲಲಿಲ್ಲ. ಭೇದವಿತ್ತೆಂಬುದು ತಿಳಿದದ್ದೇ ಬರಹದಿಂದ. ನಮ್ಮಲ್ಲಿ ಯಾವುದನ್ನೂ ಬರೆಯದೆಯೇ ಎಷ್ಟು ಮಟ್ಟುಗಳು ಒಂದೇ ಅಚ್ಚಿಗೆ ಬಂದಿವೆ ಎಂಬುದನ್ನು ಹಳಬರನ್ನು ಕೇಳಿರಿ. ಜನಪ್ರಿಯ ಭಾಗವತರೊಬ್ಬರ ಶೈಲಿಯನ್ನು ಹತ್ತು ಮೇಳ ಅನುಕರಿಸಿದರೆ ಉಳಿದ ಒಂಬತ್ತು ಶೈಲಿಗಳು ಎಲ್ಲಿ ಹೋದುವು?

ಐದು ಗೆರೆಗಳ ಲಿಪಿಯಲ್ಲಿ ನಮ್ಮ ಗಮಕ ಪೂರ್ತಿ ಹಿಡಿಯದೆಂಬುದನ್ನೂ ಒಪ್ಪುತ್ತೇನೆ. ಅಂಥ ಲಿಪಿಯನ್ನೇ ತನ್ನಿರೆಂದು ನಾನು ಹೇಳುವುದಿಲ್ಲ. ಸ ರಿ ಗ ಮ ಇರಲಿ, ಮದ್ದಳೆಗೆ ಅದರ ಬಾಯಿಪಾಠವೇ ಇರಲಿ, ಗಮಕಕ್ಕೆ ಹೊಸ ಗುರುತು ಬೇಕಾದರೆ ಮಾಡಿಕೊಳ್ಳೋಣ. ನಾವು ತರಬೇಕಾದದ್ದು ಗೆರೆಯನ್ನಲ್ಲ, ಪುಟವನ್ನು. ಒಂದೇ ಕ್ಷಣದಲ್ಲಿ ನಾಲ್ವರು ಏನು ಮಾಡುತ್ತಿದ್ದಾರೆಂದು ಮೇಲಿನಿಂದ ಕೆಳಕ್ಕೆ ನೋಡುವ ಕಣ್ಣನ್ನು. ಆ ಕಣ್ಣು ಬರಬೇಕಾದರೆ ಅಂಥ ಪುಟಗಳನ್ನು ಓದಿ ಅಭ್ಯಾಸವಿರಬೇಕು. ಬ್ರಾಹ್ಮ್ಸನನ್ನು, ಬ್ರೂಕ್ನರನನ್ನು ಓದುವುದರಿಂದ ಕಾಪುವಿನವನಿಗೆ ಏನು ಲಾಭ ಎಂದು ಕೇಳುವವರಿಗೆ ಇದೇ ನನ್ನ ಉತ್ತರ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿದ್ದ ಹದಿನೆಂಟು ಸ್ಕೋರುಗಳನ್ನು ಈ ಜಿಲ್ಲೆಯ ಒಂದು ಗ್ರಂಥಾಲಯಕ್ಕೆ ಕೊಡಲು ಹೋಗಿದ್ದೆ. ಅಲ್ಲಿದ್ದವರು ಪುಟ ತಿರುವಿ, "ಇದರಲ್ಲಿ ಓದಲಿಕ್ಕೆ ಎಂತ ಉಂಟು ಮಾಷ್ಟ್ರೆ?" ಎಂದು ವಿನಯದಿಂದಲೇ ಹಿಂದಿರುಗಿಸಿದರು. ಅವರನ್ನು ದೂರುವುದಿಲ್ಲ, ಹೆಣವೆಂದು ಸಭೆಯಲ್ಲಿ ಚಪ್ಪಾಳೆ ಬಿದ್ದ ಮೇಲೆ ಅವರಾದರೂ ಏನು ಮಾಡಿಯಾರು? ಆದರೆ ಉಡುಪಿ, ಮಣಿಪಾಲಗಳಲ್ಲಿ ಇಷ್ಟೊಂದು ಕಾಲೇಜುಗಳಿವೆ. ಒಂದು ಕಪಾಟು ಸಾಕು. ಓದಲು ಕಲಿಸಬಲ್ಲವರು ಕಾರ್ಕಳದ ಇಗರ್ಜಿಗಳ ಬ್ಯಾಂಡುಗಳಲ್ಲಿ, ಗಾಯನವೃಂದಗಳಲ್ಲಿ ಇಂದಿಗೂ ಇದ್ದಾರೆ. ಸ್ವರಜ್ಞಾನವುಳ್ಳ ಇಬ್ಬರು ಹುಡುಗರು, ಲಯಜ್ಞಾನವುಳ್ಳ ಇಬ್ಬರು, ಒಬ್ಬ ಹಿರಿಯ ಭಾಗವತರ ಮನೆಯ ಜಗಲಿ, ಒಂದು ವರ್ಷ. ಮೊದಲು ಒಂದು ಪ್ರಸಂಗ ಬಡಗಿನಲ್ಲಿ. ಮರುವರ್ಷ ಅದನ್ನೇ ತೆಂಕಿನಲ್ಲಿ. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ನಮಗೆ ತಿಳಿಯುವ ಭೇದ, ನೂರು ಸಭೆಗಳಲ್ಲಿ ಆಡಿದ ಮಾತಿನಿಂದ ತಿಳಿಯುವುದಿಲ್ಲ.

ಮಾಹ್ಲರನ ಒಂಬತ್ತನೆಯದರ ಕೊನೆಯ ಪುಟದಲ್ಲಿ ತಂತಿವಾದ್ಯಗಳು ಮಾತ್ರ ಇವೆ, ಉಳಿದವೆಲ್ಲ ನಿಂತಿವೆ. ಅವನ್ನು ನುಡಿಸಬೇಕಾದ ಬಗೆಯನ್ನು ಅವನು ಬರೆದಿದ್ದಾನೆ: 'ಸಾಯುತ್ತಾ' ಎಂದು. ಆದರೆ ನೂರಾರು ವರ್ಷಕ್ಕೊಮ್ಮೆಯಲ್ಲ, ಲೋಕದಲ್ಲಿ ಪ್ರತಿ ವರ್ಷವೂ ಎಲ್ಲಿಯಾದರೂ ಅದು ಹುಟ್ಟಿ ಹಾಗೆಯೇ ಸಾಯುತ್ತದೆ, ಮತ್ತೆ ಹುಟ್ಟುತ್ತದೆ. ನಮ್ಮ ಭಾಗವತರು ಹಾಡಿದ್ದು ಒಂದೇ ಸಲ ಸತ್ತಿತು. ಆ ಸಾವಿನಲ್ಲಿ ನನ್ನ ಪಾಲೂ ಇದೆ. ಆದುದರಿಂದಲೇ ಆ ಸಭೆಯಲ್ಲಿ ನನ್ನ ಕೈ ಮೇಲೇಳಲಿಲ್ಲ.